ದಾನಪ್ಪನ ಉಂಗುಟ

ಅಥಣಿಯ ದಾನಪ್ಪ ಬಾಂದ್ರಾ ಸ್ಟೇಷನ್ನಿನ ಹೊರಗೆ ಇಪ್ಪತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಿದ್ದವನು. ಐವತ್ತಾರನೇ ಇಸವಿಯಲ್ಲಿ ಅವನ ತಲೆಗೊಂದು ಹುಳ ಹೊಕ್ಕಿತು. ಚಪ್ಪಲಿಯಲ್ಲಿ ಹೆಬ್ಬೆರಳು ತೂರಿಸುವ ಉಂಗುಟ ಕಿತ್ತರೆ ಹೊಲಿಯುವವನನ್ನು ಹುಡುಕುವುದೇಕೆ? ಅಡಿಯಲ್ಲಿರುವ ಹಿತ್ತಾಳೆ ಗುಂಡಿ ತಿರುಗಿಸಿದರೆ ಹಳೆಯದು ಕಳಚಬೇಕು, ಹೊಸದು ಕೂರಬೇಕು. ಆರು ತಿಂಗಳು ಒದ್ದಾಡಿ ಮಾಡಿಯೂ ಬಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ವಿದ್ಯೆಯೆಂದು ಹೆಂಡತಿ ಚಂದ್ರವ್ವ ನಕ್ಕಳು.

ಪೇಟೆಂಟ್ ಮಾಡಿಸದಿದ್ದರೆ ದೊಡ್ಡ ಅಂಗಡಿಯವರು ನುಂಗಿಬಿಡುತ್ತಾರೆ ಎಂದು ಗಿರಾಕಿಯೊಬ್ಬರು ಕಿವಿಗೆ ಹಾಕಿದರು. ಸರಿ, ಪಾದರಕ್ಷೆ ಬಲ್ಲ ಪೇಟೆಂಟ್ ವಕೀಲನೇ ಬೇಕೆಂದು ದಾನಪ್ಪ ವಕೀಲರ ಕಚೇರಿಗಳಿರುವ ಫೋರ್ಟ್ ಸುತ್ತಿದ. ಒಬ್ಬರಿಗೆ ಎಂಜಿನ್ ಗೊತ್ತು, ಇನ್ನೊಬ್ಬರಿಗೆ ಔಷಧ ಗೊತ್ತು. ಮೂರನೆಯವರು ಮೇಜಿನ ಮೇಲಿಟ್ಟ ಚಪ್ಪಲಿಯನ್ನು ಪೆನ್ಸಿಲಿನಿಂದ ಕೆಳಗೆ ತಳ್ಳಿದರು. ದಾನಪ್ಪನ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಮಾಟುಂಗದ ವಕೀಲ ಶೇಖರ ರಾಯರ ವಿಳಾಸ ಸಿಕ್ಕಿತು. ಭಾನುವಾರ ಹೋಗಿ ನೋಡಿದರೆ ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ. ಒಂದರ ಉಂಗುಟದ ಜಾಗದಲ್ಲಿ ಸುತಳಿ ದಾರ. ದಾನಪ್ಪನಿಗೆ ಸ್ವರ್ಗ ಮೂರೇ ಗೇಣು. ಕಿತ್ತ ಉಂಗುಟದ ಸಂಕಟ ಬಲ್ಲ ವಕೀಲ ಸಿಕ್ಕಿದನಲ್ಲ. ರಾಯರು ಮಾತಿನಲ್ಲಿದ್ದಾರೆ, ಕೂತಿರಿ ಎಂದು ಒಳಗಿನಿಂದ ಹೆಂಗಸಿನ ದನಿ ಬಂತು. ಸುಮ್ಮನೆ ಕೂರಲು ಕೈ ಕೇಳಬೇಕಲ್ಲ. ದಾನಪ್ಪ ಸುತಳಿ ಕಿತ್ತು, ತೂತು ಕೊರೆದು, ಚೀಲದಲ್ಲಿದ್ದ ತನ್ನ ಉಂಗುಟವನ್ನೇ ಕೂರಿಸಿಬಿಟ್ಟ.

ಬಾಗಿಲು ತೆರೆಯಿತು. ದಡೂತಿ ಮನುಷ್ಯನೊಬ್ಬ ಆ ಚಪ್ಪಲಿ ಮೆಟ್ಟಿಕೊಂಡು ದಡದಡ ಇಳಿದುಹೋದ. ಹಿಂದೆಯೇ ಬಂದವರು ರಾಯರು. ಅವರ ಚಪ್ಪಲಿ ಒಳಗಿನ ಗೂಡಿನಲ್ಲಿತ್ತು.

"ಅವರು ಯಾರ‍್ರಿ?"

"ವಿಮೆ ಏಜೆಂಟ್. ಯಾಕೆ?"

ದಾನಪ್ಪ ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡ. ರಾಯರ ಮುಖ ಬಿಳಿಚಿತು.

"ಎಂಥ ಮಾಡಿದ್ದು ಮಾರಾಯ್ರೆ? ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ಗೊತ್ತಾದರೆ ಪೇಟೆಂಟ್ ಸಿಕ್ಕುವುದಿಲ್ಲ."

ಇಬ್ಬರೂ ಸ್ಟೇಷನ್ನಿಗೆ ಓಡಿದರು, ರಾಯರು ಬನಿಯನ್-ಪಂಚೆಯಲ್ಲೇ. ಪ್ಲಾಟ್‌ಫಾರಮ್ಮಿನಲ್ಲಿ ಲೋಕಲ್‌ಗೆ ಕಾಯುತ್ತಿದ್ದ ಏಜೆಂಟನಿಗೆ ರಾಯರು ತಮ್ಮ ಕಾಲಿನ ಹೊಸ ಚಪ್ಪಲಿ ಬಿಟ್ಟುಕೊಟ್ಟು ಅವನ ಹಳೆಯದನ್ನು ಬೇಡಿದರು. ಇವರಿಗೆ ತಲೆ ಕೆಟ್ಟಿದೆಯೆಂದುಕೊಂಡು ಅವನು ಖುಷಿಯಿಂದ ಗಾಡಿ ಹತ್ತಿದ. ಸುತಳಿ ಮಾಯವಾದದ್ದೂ ಆ ಮಹಾನುಭಾವನಿಗೆ ತಿಳಿದಿರಲಿಲ್ಲ.

ರಾಯರು ಬೆಂಚಿನ ಮೇಲೆ ಕುಸಿದು, ಚಪ್ಪಲಿಯನ್ನು ತೊಡೆಯ ಮೇಲಿಟ್ಟುಕೊಂಡರು. ತಿರುವಿದರು, ಎಳೆದರು, ಕಳಚಿದರು, ಮತ್ತೆ ಕೂರಿಸಿದರು.

"ಸಾಹೇಬ್ರ, ನೀವು ಚಪ್ಪಲಿ ಕೇಸು ಎಷ್ಟ ನೋಡೀರಿ?"

"ಒಂದೂ ಇಲ್ಲ. ಇದೇ ಮೊದಲು. ಈ ಗುಂಡಿ ಯಾಕೆ ಜಾರುವುದಿಲ್ಲ, ಅದನ್ನು ಹೇಳಿ."

ಇಪ್ಪತ್ತು ವರ್ಷದಲ್ಲಿ ದಾನಪ್ಪ ಹೊಲಿದದ್ದನ್ನು ಯಾರೂ ತೊಡೆಯ ಮೇಲಿಟ್ಟುಕೊಂಡು ಹೀಗೆ ಕೇಳಿರಲಿಲ್ಲ. ಅವನು ರಾಯರ ಪಕ್ಕ, ಅದೇ ಬೆಂಚಿನ ಮೇಲೆ ಕೂತ.

"ವಕೀಲರು ನೀವ ಆಗ್ರಿ ಸಾಹೇಬ್ರ. ಚಪ್ಪಲಿ ನಾ ಕಲಿಸ್ತೀನಿ."