ಒಂದೇ ರೆಕ್ಕೆ ಸಾಕಂತೆ

ಅಪ್ಪ ತೀರಿಕೊಂಡ ಮೇಲೆ ಸೋದರಮಾವ ಬಂದು ಪಾಲು ಮಾಡಿದ, ಹಸುಗಳನ್ನು ಅಣ್ಣನಿಗೆ ಕೊಟ್ಟ, ಮೇಕೆಗಳನ್ನು ತಮ್ಮನಿಗೆ ಕೊಟ್ಟ, ಮೂರನ್ನೂ ಸಾಕುತ್ತಿದ್ದ ನನಗೆ ಕೋಳಿಗಳನ್ನು ಕೊಟ್ಟ. ಎಷ್ಟು ಬಿಸಿ ಈ ಕೆಂಪಿಯ ಎದೆ, ಅಂಗೈಗೆ ಒಂದೇ ಸಮನೆ ಬಡಿಯುತ್ತಿದೆ, ಹೆದರಿಕೆಯಿಂದಲ್ಲ, ಹೆದರಿಕೆ ಅಂದರೇನೆಂದು ಈ ಕೋಳಿಗೆ ಗೊತ್ತಿದ್ದರೆ ತಾನೆ, ಸಿಟ್ಟಿನಿಂದ — ಬೆಳಗಿನ ಹೊತ್ತು ಹೊಟ್ಟೆಪಾಡಿಗೆ ಹೊರಟವಳನ್ನು ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ, ಇರೇ ತಾಯಿ, ನನಗೇನು ಇದು ಬೇಕಾಗಿತ್ತಾ, ಪಕ್ಕದಲ್ಲಿ ಮೆಟ್ಟಿಲ ಮೇಲೆ ಕತ್ತರಿ ಇದೆ, ತಂತಿ ಬೇಲಿಯ ಆಚೆ ಅಣ್ಣ ಇದ್ದಾನೆ, ಅಣ್ಣನ ಕೈಯಲ್ಲಿ ಟೀ ಲೋಟ ಇದೆ, ಲೋಟ ಖಾಲಿಯಾಗುವಷ್ಟರಲ್ಲಿ ನಿನ್ನ ರೆಕ್ಕೆ ಕತ್ತರಿಸಿ ಮುಗಿಸಿರಬೇಕಂತೆ. ನಿನ್ನದು ಮೊದಲು, ಯಾಕೆಂದರೆ ನೀನೇ ಮುಂದಾಳು, ನೀನು ಬೇಲಿ ಹಾರಿದರೆ ಉಳಿದವೂ ಹಾರುತ್ತವೆ, ನಿನ್ನದಾದ ಮೇಲೆ ಒಂದೊಂದಾಗಿ ಅವಕ್ಕೂ. ಒಂದೇ ರೆಕ್ಕೆ ಸಾಕು ಅಂದಿದ್ದಾನೆ ಅಣ್ಣ, ಎರಡೂ ಕತ್ತರಿಸಿದರೆ ಹೇಗೋ ಸಮ ತೂಗಿಕೊಂಡು ಎಗರಿಬಿಡುತ್ತೆ, ಒಂದನ್ನ ಕತ್ತರಿಸಿ ಇನ್ನೊಂದನ್ನ ಹಾಗೇ ಬಿಡು, ಹಾರೋಕೆ ಹೋದಾಗೆಲ್ಲ ವಾಲಿಕೊಂಡು ಬೀಳುತ್ತೆ, ನಾಲ್ಕು ಸಲ ಬಿದ್ದರೆ ಅದಕ್ಕೇ ಬುದ್ಧಿ ಬರುತ್ತೆ, ನೋವೇನೂ ಆಗಲ್ಲ, ಉಗುರು ಕತ್ತರಿಸಿದ ಹಾಗೆ. ಅದು ನಿಜ, ನೋವಾಗುವುದಿಲ್ಲ. ನೋವಾಗದ ಹಾಗೆ ಕತ್ತರಿಸುವುದರಲ್ಲಿ ನಮ್ಮ ಮನೆಯ ಗಂಡಸರದು ಪಳಗಿದ ಕೈ, ಪಾಲಿನ ದಿನ ಸೋದರಮಾವ ಎಷ್ಟು ಮೆತ್ತಗೆ ಮಾತಾಡಿದ, ಬೆಣ್ಣೆ ಸವರಿದ ಹಾಗೆ, ನೋಡಮ್ಮ, ಹಸು ಅಂದರೆ ಮೇವು ಹೊರಬೇಕು, ಮೇಕೆ ಅಂದರೆ ಗುಡ್ಡ ಹತ್ತಬೇಕು, ಒಂಟಿ ಹೆಣ್ಣುಮಗಳಿಗೆ ಯಾಕೆ ಆ ತಾಪತ್ರಯ, ಕೋಳಿ ಆದರೆ ಕೂತಲ್ಲೇ ಎರಡು ಕಾಳು ಎಸೆದರೆ ಆಯ್ತು. ಅಲ್ಲಿಯವರೆಗೆ ಮೇವು ಹೊತ್ತವರು ಯಾರು, ಗುಡ್ಡ ಹತ್ತಿದವರು ಯಾರು, ಹಾಗೆ ಹೇಳುತ್ತಾ ಸೊರ್ರೆಂದು ಅವನು ಕುಡಿಯುತ್ತಿದ್ದ ಟೀಗೆ ಬೆಳಿಗ್ಗೆ ಹಾಲು ಕರೆದವರು ಯಾರು — ಅದನ್ನು ಅಲ್ಲಿದ್ದ ಯಾರೂ ಕೇಳಲಿಲ್ಲ, ಸಗಣಿಯ ವಾಸನೆ ನನ್ನ ಕೈಗೆ, ಹಸು ಅಣ್ಣನ ಹೆಸರಿಗೆ, ಜಗತ್ತಿನ ಅರ್ಧ ಆಸ್ತಿಯೆಲ್ಲ ಹೀಗೇ ಬರೆಸಿಕೊಂಡದ್ದು ಇರಬೇಕು, ಕೈ ಒಬ್ಬರದು, ಹೆಸರು ಇನ್ನೊಬ್ಬರದು.

ಅಂಗಳಕ್ಕೆ ಎರಡು ಕಡೆ ತಂತಿ ಎಳೆದರು, ಒಂದು ಅಂಗಳ ಮೂರಾಯಿತು, ಕೊಟ್ಟಿಗೆಯೂ ಹುಲ್ಲಿನ ಪಟ್ಟಿಯೂ ಅಣ್ಣನ ಕಡೆ, ಗುಡ್ಡದ ಬುಡದ ಪೊದೆಗಳು ತಮ್ಮನ ಕಡೆ, ನಡುವೆ ಈ ಹಿಂದಿನ ಕೋಣೆ, ಈ ಮೆಟ್ಟಿಲು, ಒಂದಿಷ್ಟು ಬರೀ ಮಣ್ಣು, ಕೋಳಿಗೂಡು ನನ್ನ ಕಡೆ, ಅಣ್ಣ ಗೂಟ ಹೊಡೆಯುತ್ತಾ ಸಿಳ್ಳೆ ಹಾಕುತ್ತಿದ್ದ, ತನ್ನದು ಅಂತ ಒಂದು ಗೆರೆ ಎಳೆದುಕೊಂಡರೆ ಸಾಕು, ಆ ಗೆರೆಯೊಳಗೆ ಎಲ್ಲ ತಾನಾಗಿ ನಡೆಯುತ್ತದೆ ಅಂದುಕೊಂಡಿದ್ದ ಪಾಪ. ಹಸು ಮೂಸಿ ಬಿಟ್ಟ ಸೊಪ್ಪನ್ನು ತಿನ್ನುತ್ತಿದ್ದದ್ದು ಮೇಕೆಗಳು, ಮುಳ್ಳಿನ ಪೊದೆಗಳನ್ನು ಮೇಕೆಗಳು ಬೋಳಿಸಿದ ಕಡೆ ಬಿಸಿಲು ಬಿದ್ದು ಹುಲ್ಲು ಚಿಗುರಿ ಅದು ಹಸುವಿಗೆ, ಸಗಣಿಯಲ್ಲಿ ಹುಟ್ಟುವ ಹುಳ ಕೋಳಿಗೆ, ಕೋಳಿ ಕೆದರಿ ಹರಡಿದ ಸಗಣಿ ಬೇಗ ಒಣಗುವುದರಿಂದ ಕೊಟ್ಟಿಗೆಯಲ್ಲಿ ನೊಣ ಇಲ್ಲ, ಹಸು ಮಲಗಿ ಮೆಲುಕು ಹಾಕುವಾಗ ಕೆಂಪಿ ಅದರ ಹೊಟ್ಟೆಯ ಪಕ್ಕ ನಿಂತು ಉಣ್ಣೆ ಹುಳಗಳನ್ನು ಒಂದೊಂದೇ ಹೆಕ್ಕುವುದು, ಹಸು ಕಣ್ಣು ಮುಚ್ಚಿ ಕತ್ತು ನೀಡುವುದು, ಕೂದಲು ಬಾಚಿಸಿಕೊಳ್ಳುವ ಹುಡುಗಿಯ ಹಾಗೆ — ಇದನ್ನೆಲ್ಲ ನಾನೇನು ಯೋಚನೆ ಮಾಡಿ ಜೋಡಿಸಿದ್ದಲ್ಲ, ಅಮ್ಮ ಮಾಡುತ್ತಿದ್ದಳು, ನಾನು ಮಾಡಿದೆ, ಮೂರರ ಗೊಬ್ಬರವೂ ಒಂದೇ ತಿಪ್ಪೆಗೆ, ಬರೀ ಕೋಳಿಯದು ಹಾಕಿದರೆ ಗಿಡ ಸುಟ್ಟುಹೋಗುತ್ತದೆ, ಬರೀ ಸಗಣಿ ಹಾಕಿದರೆ ಗಿಡ ಎದ್ದೇಳಲು ಸೋಮಾರಿತನ, ಮೇಕೆ ಹಿಕ್ಕೆ ಸೇರಿಸಿ ಕಲಸಿದರೆ ಹುಲ್ಲಿನ ಪಟ್ಟಿ ಸೊಂಟದುದ್ದ. ಸೋದರಮಾವ ಹಂಚಿದ್ದು ಮೂರು ಬಗೆಯ ಪ್ರಾಣಿಗಳನ್ನಲ್ಲ, ಒಂದು ಪ್ರಾಣಿಯ ತಲೆಯನ್ನು ಒಬ್ಬರಿಗೆ, ಹೊಟ್ಟೆಯನ್ನು ಒಬ್ಬರಿಗೆ, ಕಾಲನ್ನು ಒಬ್ಬರಿಗೆ ಕೊಟ್ಟು ಎಲ್ಲರೂ ಚೆನ್ನಾಗಿರಿ ಅಂತ ಹರಸಿ ಬಸ್ಸು ಹತ್ತಿದ. ಆಮೇಲೆ ಶುರುವಾಯಿತಲ್ಲ ತಮಾಷೆ. ಅಣ್ಣನ ಕೊಟ್ಟಿಗೆಗೆ ನೊಣ ಮುತ್ತಿಕೊಂಡವು, ಹಸು ಕಾಲು ಝಾಡಿಸಿ ತುಂಬಿದ ಬಕೆಟ್ಟನ್ನು ಅಣ್ಣನ ತೊಡೆಗೆ ಮಗುಚಿತು, ಅವನು ಔಷಧಿ ತಂದು ಹೊಡೆದ, ನೊಣದ ಜೊತೆ ಹಾಲೂ ಔಷಧಿಯ ವಾಸನೆ ಹೊಡೆಯಿತು, ಡೈರಿಯವನು ಮೂಸಿ ನೋಡಿ ಕ್ಯಾನು ವಾಪಸ್ಸು ಕಳಿಸಿದ. ತಮ್ಮನ ಮೇಕೆಗಳು ಪೊದೆಗಳನ್ನು ಬೋಳು ಮಾಡಿ ಮುಗಿಸಿ ಇನ್ನೇನು ಅಂತ ಸುತ್ತ ನೋಡಿ ಹಗ್ಗದ ಮೇಲೆ ಒಣಗುತ್ತಿದ್ದ ಅವನ ಒಳ್ಳೆಯ ಅಂಗಿಯ ಒಂದು ತೋಳನ್ನು ತಿಂದವು, ಅವನು ಉಳಿದ ತೋಳನ್ನೂ ಕತ್ತರಿಸಿಕೊಂಡು ಅದನ್ನೇ ಬನಿಯನ್ನಿನ ಹಾಗೆ ಹಾಕಿಕೊಂಡು ತಿರುಗಿದ. ನನ್ನ ಕಡೆ ಬರೀ ಮಣ್ಣು, ಎಷ್ಟು ಕೆದರಿದರೂ ಮಣ್ಣಿನ ಕೆಳಗೆ ಮಣ್ಣು, ಅಂಗಡಿಯಿಂದ ಫೀಡು ಮೂಟೆ ಹೊತ್ತು ತಂದೆ, ಅದನ್ನು ತಿಂದ ಕೋಳಿಗಳು ಮೊಟ್ಟೆಯೇನೋ ಇಟ್ಟವು, ಒಡೆದು ನೋಡಿದರೆ ಒಳಗೆ ಹಳದಿಯೇ ಇಲ್ಲ, ಬಿಳಿಚಿಕೊಂಡ ಮುಖ, ವಾರವಾರ ಮೊಟ್ಟೆ ಕೊಳ್ಳುವ ಟೀಚರಮ್ಮ ಕನ್ನಡಕ ಮೇಲೆತ್ತಿ ಕೇಳಿದರು, ಏನಮ್ಮ, ನಿನ್ನ ಮೊಟ್ಟೆಗೆ ಕಾಮಾಲೆ ವಾಸಿ ಆಯ್ತಾ. ನಕ್ಕೆ, ನಗದೆ ಏನು ಮಾಡಲಿ, ಆದರೆ ಮುಂದಿನ ವಾರ ಅವರು ಬರಲಿಲ್ಲ, ಫೀಡಿನ ಮೂಟೆ ಮಾತ್ರ ತಪ್ಪದೆ ಬರುತ್ತಿತ್ತು.

ನೀನು ಅಲ್ವೇನೇ ಕೆಂಪಿ, ಮೊದಲು ಹಾರಿದವಳು, ನಾನು ಫೀಡು ಚೆಲ್ಲುತ್ತಿದ್ದೆ, ನೀನು ಅದನ್ನು ಒಂದು ಕಣ್ಣಲ್ಲಿ ನೋಡಿದೆ, ಕತ್ತು ತಿರುಗಿಸಿ ಇನ್ನೊಂದು ಕಣ್ಣಲ್ಲೂ ನೋಡಿದೆ, ಆಮೇಲೆ ಬೇಲಿಯನ್ನು ನೋಡಿದೆ, ಪಟಪಟನೆ ಎದ್ದು ಆಚೆ ಇಳಿದು ನೆಟ್ಟಗೆ ಕೊಟ್ಟಿಗೆಯ ಹಿಂದಿನ ಸಗಣಿಗೆ ಹೋದೆ, ತವರುಮನೆಗೆ ಹೋಗುವವಳ ಹಾಗೆ ಬಿಂಕ, ಹಿಂದೆ ತಿರುಗಿ ಸಹ ನೋಡಲಿಲ್ಲ. ಅಣ್ಣ ನೋಡಿದರೆ — ನೋಡಿದ್ದು ಅತ್ತಿಗೆ, ಬಕೆಟ್ಟು ಹಿಡಿದು ನಿಂತಿದ್ದಳು, ಮಾರನೆಯ ದಿನ ಬೇಲಿಯ ಹತ್ತಿರ ಬಂದು ಕೈ ಚಾಚಿ ಒಂದು ಬಿಸಿ ಮೊಟ್ಟೆಯನ್ನು ನನ್ನ ಅಂಗೈಲಿಟ್ಟಳು, ನಿನ್ನ ಮಗಳು ನಮ್ಮ ಗೋದಲಿಯಲ್ಲಿ ಹೆತ್ತಿದ್ದಾಳೆ ಕಣೇ, ಬಾಣಂತನ ಯಾರು ಮಾಡೋದು ಹೇಳು. ಅವತ್ತಿನಿಂದ ಬೇಲಿಯ ಮೇಲೆ ವ್ಯವಹಾರ, ಆ ಕಡೆಯಿಂದ ಒಂದು ಬುಟ್ಟಿ ಸಗಣಿ, ಈ ಕಡೆಯಿಂದ ಮೊಟ್ಟೆ, ಮಧ್ಯೆ ಒಂದಷ್ಟು ಹರಟೆ, ಅತ್ತಿಗೆಗೆ ನೊಣ ಹೋದದ್ದೇ ದೊಡ್ಡ ಸಮಾಧಾನ, ಹಸು ಮತ್ತೆ ಕಣ್ಣು ಮುಚ್ಚಿ ಕತ್ತು ನೀಡತೊಡಗಿತು, ಒದೆಯುವುದು ನಿಂತಿತು, ಹಾಲು ಏರಿತು. ತಮ್ಮನ ಕಥೆಯೂ ಅದೇ, ಹೊತ್ತು ಹುಟ್ಟುವ ಮೊದಲು ಎದ್ದು ತಂತಿಯ ಕೊಕ್ಕೆ ಬಿಚ್ಚಿ ಮೇಕೆಗಳನ್ನು ನನ್ನ ಅಂಗಳ ದಾಟಿಸಿ ಅಣ್ಣನ ಗೋದಲಿಗೆ ಬಿಡುವುದು, ಹಸು ಬಿಟ್ಟ ಸೊಪ್ಪು ತಿನ್ನಿಸಿ ಕಳ್ಳನ ಹಾಗೆ ವಾಪಸ್ಸು ತರುವುದು, ಒಂದು ದಿನ ಎದುರಾದಾಗ ತುಟಿಗೆ ಬೆರಳಿಟ್ಟುಕೊಂಡು ಪಿಸುಗುಟ್ಟಿದ, ಅಕ್ಕ, ಇವಕ್ಕೆ ಪಾಲುಪತ್ರ ತೋರಿಸಿ ಬುದ್ಧಿ ಹೇಳೋಣ ಅಂತ ಹೋದೆ, ಅರ್ಧ ತಿಂದುಬಿಟ್ಟವು. ಮೂರು ಮನೆಯೂ ಹೀಗೆ ಕದ್ದುಮುಚ್ಚಿ ಒಂದಾದವು, ಗೊತ್ತಿಲ್ಲದವನು ಅಣ್ಣ ಒಬ್ಬನೇ, ಅವನು ಏಳುವುದೇ ಬಿಸಿಲು ಮುಖಕ್ಕೆ ಬಡಿದ ಮೇಲೆ, ಹಾಲು ಏರಿದ್ದಕ್ಕೆ ತಾನು ಹಸುವಿಗೆ ತಿನ್ನಿಸಿದ ಡಬ್ಬಿಯ ಪುಡಿಯೇ ಕಾರಣ ಅಂತ ಊರಿಗೆಲ್ಲ ಹೇಳಿಕೊಂಡು ಬಂದ, ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕೊಟ್ಟಿಗೆಯ ಒಳಗೆ ಓಡಿಹೋಗಿ ಹಸುವಿನ ಕತ್ತು ತಬ್ಬಿಕೊಂಡು ನಕ್ಕಳಂತೆ, ನೆನೆಸಿಕೊಂಡರೆ ಈಗಲೂ ನನಗೆ — ಬೇಡ, ನಗಬಾರದು, ನೋಡುತ್ತಿದ್ದಾನೆ, ಗುಟುಕು ಗುಟುಕಾಗಿ ಕುಡಿಯುತ್ತಾ ನೋಡುತ್ತಿದ್ದಾನೆ.

ಇವತ್ತು ಬೆಳಿಗ್ಗೆ ಡೈರಿಯಲ್ಲಿ ಅವನ ಕ್ಯಾನಿನ ಮುಚ್ಚಳ ತೆಗೆದರೆ ಹಾಲಿನ ಮೇಲೆ ಒಂದು ಕೆಂಪು ಪುಕ್ಕ ದೋಣಿಯ ಹಾಗೆ ತೇಲುತ್ತಿತ್ತಂತೆ, ಡೈರಿಯವನು ಎರಡು ಬೆರಳಲ್ಲಿ ಅದನ್ನೆತ್ತಿ ಸಾಲಿಗೆಲ್ಲ ತೋರಿಸಿ, ಯಜಮಾನರೇ, ಇದು ಯಾವ ತಳಿ ಹಸು, ಹಾಲೂ ಕೊಟ್ಟು ಮೊಟ್ಟೆನೂ ಇಡುತ್ತಾ ಅಂದನಂತೆ, ಸಾಲು ಸಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ, ಅಣ್ಣ ಅಲ್ಲಿಂದ ಕತ್ತರಿ ಕೊಂಡುಕೊಂಡೇ ಮನೆಗೆ ಬಂದದ್ದು. ಹಾಲಿನಲ್ಲಿ ಪುಕ್ಕ ಬೀಳುವುದು ತಪ್ಪು, ತಪ್ಪಲ್ಲ ಅಂತ ನಾನೆಲ್ಲಿ ಹೇಳಿದೆ, ನಾನು ಕರೆಯುತ್ತಿದ್ದಾಗ ಕ್ಯಾನಿನ ಮುಚ್ಚಳ ಬಿಗಿದ ಮೇಲೆಯೇ ಕೋಳಿಗೂಡಿನ ಬಾಗಿಲು ತೆಗೆಯುತ್ತಿದ್ದದ್ದು, ಅಷ್ಟೇ ಅದರ ಗುಟ್ಟು, ಮೊದಲು ಹಾಲು, ಆಮೇಲೆ ಕೋಳಿ, ಅವನೋ ಕೋಳಿಗಳು ಹುಳ ತಿಂದು, ಮೊಟ್ಟೆ ಇಟ್ಟು, ಸಂಸಾರ ಮುಗಿಸಿ, ಪುಕ್ಕ ಉದುರಿಸಿ ಈಚೆ ಹಾರಿಬಂದ ಮೇಲೆ ಆಕಳಿಸುತ್ತಾ ಬಕೆಟ್ಟು ಹಿಡಿದು ಬರುತ್ತಾನೆ. ಹೇಳಿದೆ, ಅಣ್ಣ, ಒಂದು ಸ್ವಲ್ಪ ಬೇಗ ಏಳು, ಇಲ್ಲವಾದರೆ ಬೆಳಗಿನದು ನಾನೇ ಕರೆದುಕೊಡ್ತೀನಿ, ನನಗೇನು ಹೊಸದಾ. ಅವನ ಮುಖ ಉರಿಯಿತು, ನನ್ನ ಹಸುನ ನೀನು ಯಾಕೆ ಕರೀಬೇಕು, ನಿನ್ನ ಪಾಲಿಗೆ ಬಂದದ್ದನ್ನ ನೀನು ನಿನ್ನ ಕಡೆ ಇಟ್ಕೋ, ಇನ್ನು ಮೇಲೆ ನನ್ನ ಕಡೆ ಒಂದು ಕೋಳಿ ಕಂಡರೂ ನೆಟ್ಟಗೆ ಒಲೆಗೆ ಹೋಗುತ್ತೆ, ಆಮೇಲೆ ಅಳಬೇಡ. ಮಾಡುತ್ತಾನೆ, ಒಬ್ಬರು ನಕ್ಕರೆ ಮರೆಯುವವನು, ಸಾಲು ಸಾಲು ನಕ್ಕರೆ ಮರೆಯುವವನಲ್ಲ. ಕತ್ತರಿಸಿದರೆ ಏನಾಗುತ್ತದೆ, ಮತ್ತೆ ಫೀಡಿನ ಮೂಟೆ, ಮತ್ತೆ ಬಿಳಿಚಿದ ಮೊಟ್ಟೆ, ಈಗಷ್ಟೇ ತಿರುಗಿ ಬರತೊಡಗಿದ ಟೀಚರಮ್ಮ ಮತ್ತೆ ಬರುವುದಿಲ್ಲ, ಮೂಟೆಗೆ ದುಡ್ಡು ಹಾಕಿ ಹಾಕಿ ಒಂದು ದಿನ ಕೋಳಿಗಳನ್ನೇ ಮಾರಬೇಕಾಗುತ್ತದೆ, ಆಮೇಲೆ ನಾನು ಬೇಲಿ ಸುತ್ತಿಕೊಂಡು ಅಣ್ಣನ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು, ಅವನು ಅತ್ತಿಗೆಯ ಕಡೆ ನೋಡಬೇಕು, ಅವಳು ಬಡಿಸಬೇಕು, ಬಡಿಸಿದಷ್ಟು ತಿಂದು ತಟ್ಟೆ ತೊಳೆದು ಅವನ ಹಸುವಿನ ಸಗಣಿ ಬಾಚಬೇಕು, ಅದೇ ಕೆಲಸ, ಅದೇ ಸಗಣಿ, ಆದರೆ ಆಗ ಅದಕ್ಕೆ ಉಪಕಾರ ಅಂತ ಹೆಸರು, ಅವನು ನನಗೆ ಮಾಡಿದ ಉಪಕಾರ. ಎಷ್ಟು ಅಚ್ಚುಕಟ್ಟಾಗಿ ಸುತ್ತಿ ಬರುತ್ತದೆ ನೋಡು.

ಸರಿ, ರೆಕ್ಕೆಯನ್ನಾದರೂ ಬಿಚ್ಚಿ ನೋಡೋಣ, ಬಾರೇ ಇಲ್ಲಿ, ಕುಕ್ಕಬೇಡ, ಬುಡದಲ್ಲಿ ಮೆಲ್ಲಗೆ ಹಿಡಿದು ಎಳೆದರೆ — ಅಯ್ಯೋ, ಇಷ್ಟು ದೊಡ್ಡದಾ, ಮಡಚಿಕೊಂಡಾಗ ಅಂಗೈಯಷ್ಟೂ ಕಾಣಿಸದ್ದು ಬಿಚ್ಚಿದರೆ ನನ್ನ ಮೊಣಕೈವರೆಗೂ ಬಂತಲ್ಲ, ಬೀಸಣಿಗೆ, ಒಂದರ ಮೇಲೊಂದು ಕೂತ ಗರಿಗಳು, ಮೇಲೆ ಇಟ್ಟಿಗೆ ಕೆಂಪು, ತುದಿಗೆ ಕಪ್ಪು, ಬಿಸಿಲು ಹಿಂದಿನಿಂದ ಹಾದು ಒಂದೊಂದು ಗರಿಯ ನಡುಗೆರೆಯೂ ಬೆಳಗಿತು, ಇಷ್ಟು ದಿನ ಸಾಕಿಯೂ ನಾನು ಇದನ್ನು ಹೀಗೆ ಬಿಚ್ಚಿ ನೋಡಿರಲೇ ಇಲ್ಲ. ಕತ್ತರಿಯ ಬಾಯಿ ಎಷ್ಟು ಚಿಕ್ಕದು ಇದರ ಮುಂದೆ. ಅತ್ತಿಗೆ ಕೊಟ್ಟಿಗೆಯ ಬಾಗಿಲಿಗೆ ಬಂದು ಕೈ ಕಟ್ಟಿ ನಿಂತಳು, ಆ ಕಡೆಯ ತಂತಿಯ ಮೇಲೆ ಗಲ್ಲವಿಟ್ಟುಕೊಂಡು ತೋಳಿಲ್ಲದ ಅಂಗಿಯ ತಮ್ಮ, ಅವನ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಗಲ್ಲವಿಟ್ಟುಕೊಂಡ ಒಂದು ಮೇಕೆ. ಒಂದನ್ನ ಕತ್ತರಿಸಿ ಒಂದನ್ನ ಬಿಡು, ವಾಲಿಕೊಂಡು ಬೀಳುತ್ತೆ, ಬುದ್ಧಿ ಬರುತ್ತೆ, ನನಗೂ ಅದನ್ನೇ ಅಲ್ಲವಾ ಮಾಡಿದ್ದು, ಏನೂ ಕೊಡದೆ ಅಟ್ಟಿದ್ದರೆ ಎಲ್ಲಾದರೂ ಹೋಗಿ ಬದುಕುತ್ತಿದ್ದೆ, ಎಲ್ಲ ಕೊಟ್ಟಿದ್ದರೆ ಇಲ್ಲೇ ಬದುಕುತ್ತಿದ್ದೆ, ಅರ್ಧ ಕೊಟ್ಟು ವಾಲುವ ಹಾಗೆ ಮಾಡಿದರು, ನಾಲ್ಕು ಸಲ ಬಿದ್ದರೆ ಅವಳಿಗೇ ಬುದ್ಧಿ ಬರುತ್ತೆ ಅಂತ — ಬಿದ್ದದ್ದೂ ಆಯಿತು, ಬುದ್ಧಿ ಬಂದದ್ದೂ ಆಯಿತು, ಅವರು ಅಂದುಕೊಂಡ ಬುದ್ಧಿಯಲ್ಲ ಅಷ್ಟೇ. ಅಣ್ಣ ಲೋಟವನ್ನು ತಲೆಕೆಳಗು ಮಾಡಿ ಕೊನೆಯ ಹನಿಯನ್ನು ನೆಲಕ್ಕೆ ಕೊಡವಿದ, ಏನು, ಕತ್ತರಿಸ್ತೀಯೋ ಇಲ್ವೋ. ರೆಕ್ಕೆ ಬಿಚ್ಚಿಕೊಂಡೇ ಇದೆ, ನನ್ನ ಕೈಯಲ್ಲಿ, ಬಿಸಿಲಲ್ಲಿ, ಗರಿಯಿಂದ ಗರಿಗೆ ಕೆಂಪು, ನಾನು ಇನ್ನೊಂದು ಕೈಯಲ್ಲಿ ಕತ್ತರಿಯನ್ನು ತಂತಿಯ ಕೆಳಗಿಂದ ಅವನ ಕಾಲಿನ ಹತ್ತಿರಕ್ಕೆ ತಳ್ಳಿದೆ.

ಕತ್ತರಿಸಲ್ಲ ಅಣ್ಣ. ಕೋಳಿದು ಒಂದು ಗರಿನೂ ಕತ್ತರಿಸಲ್ಲ. ತಂತಿ ಕತ್ತರಿಸೋ ಇಕ್ಕಳ ಇದ್ದರೆ ಕೊಡು.

ಬಿಚ್ಚಿದ ರೆಕ್ಕೆ, ಇಟ್ಟಿಗೆ ಕೆಂಪು, ತುದಿಗೆ ಕಪ್ಪು, ಬಿಚ್ಚಿದ ರೆಕ್ಕೆ —