ಆಚೆ ದಡದ ಫಲಕ

ಹೊಳೆಯ ಸದ್ದು ಬದಲಾಗಿದೆ, ಬರ್ಚ್ ಮರಗಳ ನಡುವೆ ಏರುತ್ತಿದ್ದ ಟೋರುನ್‌ಗೆ ಅದು ಮೊದಲು ತಿಳಿದದ್ದು ಕಿವಿಗಲ್ಲ, ಅಂಗಾಲಿಗೆ, ನೆಲವೇ ಸಣ್ಣಗೆ ನಡುಗುತ್ತಿದೆ — ನಿನ್ನೆ ಸ್ಕಾರ್ವಾ ಹೊಳೆ ಹೀಗಿರಲಿಲ್ಲ, ನಿನ್ನೆ ಅದು ಕಲ್ಲುಗಳ ಜೊತೆ ಹರಟೆ ಹೊಡೆದುಕೊಂಡು ಹರಿಯುತ್ತಿತ್ತು, ತಮ್ಮ ಅಸ್ಲಾಕ್ ಬೂಟಿನೊಳಗೆ ನೀರು ಕೂಡ ಬಾರದಂತೆ ಅದರೊಳಗೆ ನಿಂತು ಸೇತುವೆಯ ಕೊನೆಯ ಹಲಗೆ ಬಿಚ್ಚಿದ್ದ, ಒಂದೇ ರಾತ್ರಿಯ ಮಳೆ ಇಷ್ಟು ಮಾಡಬಹುದೇ, ಮಾಡಬಹುದು, ಮಾಡುತ್ತದೆಂದೇ ಅಲ್ಲವೆ ಬೇಸಿಗೆ ಸೇತುವೆಯನ್ನು ಪ್ರತಿ ಶರತ್ಕಾಲದಲ್ಲಿ ಬಿಚ್ಚಿ ದಡಕ್ಕೆ ಎಳೆದಿಡುವುದು, ಇಲ್ಲದಿದ್ದರೆ ಪ್ರವಾಹವೋ ಹಿಮವೋ ಅದನ್ನು ಪುಡಿಮಾಡುತ್ತದೆ, ಆದರೆ ಬಿಚ್ಚುವುದು ಮುಂದಿನ ಭಾನುವಾರ, ಪ್ರತಿ ವರ್ಷವೂ ಅದೇ ಭಾನುವಾರ, ಊರಿಗೆಲ್ಲ ಗೊತ್ತು, ಗಂಡ ಎಲ್ದಾರ್‌ಗೂ ಗೊತ್ತು. ಅಕ್ಕಾ, ಮಳೆ ಬರುತ್ತಂತೆ, ಭಾನುವಾರದ ತನಕ ಕಾದ್ರೆ ಹಲಗೆ ಸಮುದ್ರದಲ್ಲಿ ಹುಡುಕಬೇಕಾಗುತ್ತೆ, ಇವತ್ತೇ ಮುಗಿಸಿಬಿಡೋಣ ಬಾ, ಅಂದ ಅಸ್ಲಾಕ್ ನಿನ್ನೆ, ಅವಳು ಹ್ಞೂಂ ಅಂದಳು. ಗಂಡ ಆಚೆ ಕಣಿವೆಯಲ್ಲಿದ್ದಾನೆ, ಇವತ್ತು ಬೆಟ್ಟ ದಾಟಿ ಇದೇ ದಾರಿಯಲ್ಲಿ ಮನೆಗೆ ಬರುತ್ತಾನೆ ಅನ್ನುವುದು ಗೊತ್ತಿದ್ದೂ ಹ್ಞೂಂ ಅಂದಳು.

ಗೊತ್ತಿತ್ತು, ಆದರೆ ಫಲಕ ಇತ್ತಲ್ಲ, ಫಲಕ ಇದ್ದರೆ ಸಾಕಿತ್ತು, ಹಳದಿ ತಗಡಿನ ಮೇಲೆ ಕಪ್ಪು ಅಕ್ಷರ, ಸೇತುವೆ ತೆಗೆಯಲಾಗಿದೆ, ಈಚೆ ದಡಕ್ಕೊಂದು, ಆಚೆ ದಡಕ್ಕೊಂದು, ಬಣ್ಣ ಬಳಿದವನು ಎಲ್ದಾರ್ ತಾನೇ, ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು, ಅದರ ಕಲೆ ಇನ್ನೂ ಹೋಗಿಲ್ಲ — ಮೊದಲು ಆಚೆಗೆ ಹೋಗಿ ಫಲಕ ತೂಗುಹಾಕು, ಆಮೇಲೆ ಈಚೆಗೆ ಬಂದು ಹಲಗೆ ಬಿಚ್ಚು, ಇದರಲ್ಲಿ ಮರೆಯುವುದಕ್ಕೇನಿದೆ, ಅವಳು ಹೋಗಿದ್ದಳು ಕೂಡ, ಸೇತುವೆ ದಾಟಿ ಆಚೆ ದಡದಲ್ಲಿ ನಿಂತಿದ್ದಳು, ಎದುರಿಗೇ ಆ ದೊಡ್ಡ ಬಂಡೆ, ಬಂಡೆಯ ಮೇಲೆ ದಾರಿ ತೋರಿಸುವ ಕೆಂಪು ಟಿ ಅಕ್ಷರ, ಈ ಬೇಸಿಗೆಯಲ್ಲಿ ಅವಳೇ ಬರೆದದ್ದು, ಮಂಜಿನಲ್ಲೂ ಕಾಣಲೆಂದು ಬೇರೆ ಗುರುತುಗಳ ಎರಡರಷ್ಟು ದೊಡ್ಡದಾಗಿ. ಎಷ್ಟು ಚೆನ್ನಾಗಿ ಬಂದಿದೆ ಅನ್ನಿಸಿತು, ನಾಚಿಕೆಗೇಡು, ಹಕ್ಕಿಯ ಹಿಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದಳು, ಚೀಲ ಈಚೆ ದಡದಲ್ಲೇ ಉಳಿದಿತ್ತು, ಫಲಕ ಚೀಲದೊಳಗೆ, ಅಷ್ಟರಲ್ಲಿ ಅಕ್ಕಾ ಕಾಫಿ ಆರಿಹೋಗುತ್ತೆ ಅಂತ ಅಸ್ಲಾಕ್ ಕೂಗಿದ, ಕಾಫಿ ಕುಡಿದು ಮತ್ತೆ ಬಂದರಾಯಿತು ಅಂದುಕೊಂಡಳು. ಕಂದು ಚೀಸ್ ಹಚ್ಚಿದ ಬ್ರೆಡ್ಡು ತಿಂದರು, ಅಸ್ಲಾಕ್‌ನ ಸೊಸೆ ಹೊಸ ಅಡುಗೆಮನೆ ಕಟ್ಟಿಸಿಕೊಳ್ಳುವ ಸುದ್ದಿ ಮಾತಾಡಿದರು, ಮಾತಾಡುತ್ತಲೇ ಎದ್ದು ಹಲಗೆ ಬಿಚ್ಚತೊಡಗಿದರು.

ಬೆಳಿಗ್ಗೆ ಕಾಫಿ ಫ್ಲಾಸ್ಕು ತೊಳೆಯಲು ಚೀಲಕ್ಕೆ ಕೈಹಾಕಿದಾಗ ಬೆರಳಿಗೆ ತಣ್ಣಗೆ ತಗಡಿನ ಅಂಚು, ಆಚೆ ದಡದಲ್ಲಿ ತೂಗುಹಾಕಬೇಕಿದ್ದ ಫಲಕ, ಈಗ ಅದೇ ಫಲಕ ಬೆನ್ನ ಮೇಲೆ, ಹೆಜ್ಜೆಗೊಮ್ಮೆ ಬೆನ್ನೆಲುಬಿಗೆ ಟಕ್ ಅನ್ನುತ್ತದೆ. ಭಾವನೇನು ಮಗುವಾ ಅಕ್ಕ, ಸೇತುವೆ ಇಲ್ಲ ಅಂತ ಕಣ್ಣಿಗೆ ಕಾಣ್ಸಲ್ವಾ, ವಾಪಸ್ ಹೋಗ್ತಾನೆ ಬಿಡು, ಅಂದ ಅಸ್ಲಾಕ್ ಫೋನಿನಲ್ಲಿ, ಆಮೇಲೆ ತಾನಾಗಿಯೇ ಆಚೆ ಕಣಿವೆಯವರಿಗೆ ಫೋನ್ ಮಾಡ್ತೀನಿ ನೀನು ಹೊರಡು ಅಂದ, ಆಚೆಯವರು ಹತ್ತಿ ಬರುವಷ್ಟರಲ್ಲಿ ಕತ್ತಲಾಗುತ್ತದೆ, ಬೆಟ್ಟದ ಮೇಲೆ ಎಲ್ದಾರ್‌ನ ಫೋನಿಗೆ ಸಿಗ್ನಲ್ ಇಲ್ಲ, ಇದ್ದರೂ ಅದು ಚೀಲದ ತಳದಲ್ಲಿ ಕಾಲುಚೀಲದೊಳಗೆ ಮಲಗಿರುತ್ತದೆ. ಕುರಿ ಇಳಿಸಲು ಹೋಗಿದ್ದಾನೆ, ಪ್ರತಿ ಸೆಪ್ಟೆಂಬರಿನಲ್ಲೂ ಆಚೆ ಕಣಿವೆಯ ಅತ್ತೆಮಗನ ಕುರಿಗಳನ್ನು ಬೆಟ್ಟದಿಂದ ಇಳಿಸಿಕೊಟ್ಟು, ಒಂದು ರಾತ್ರಿ ಮೇಲಿನ ಗುಡಿಸಲಿನಲ್ಲಿ ಕಳೆದು, ನಡೆದೇ ಬರುತ್ತಾನೆ, ಈ ಸಲವಾದ್ರೂ ಬಸ್ಸಲ್ಲಿ ಬಾ ಮಾರಾಯ, ಮೊಣಕಾಲಿಗೆ ಆಪರೇಷನ್ ಆಗಿದೆ, ಅಂದರೆ, ಬಸ್ಸಾ, ಊರೆಲ್ಲ ಸುತ್ತಿಕೊಂಡು ಬರೋಕೆ ನಾನೇನು ಟಪಾಲಾ, ಅಂದ.

ವಾಪಸ್ ಹೋಗುತ್ತಾನಂತೆ, ಯಾರು, ಎಲ್ದಾರಾ, ಅಸ್ಲಾಕ್‌ಗೇನು ಗೊತ್ತು, ಅವನ ಜೊತೆ ಮೂವತ್ತು ಚಿಲ್ಲರೆ ವರ್ಷ ಬಾಳಿದ್ದು ಇವಳು — ಸೇತುವೆ ಇಲ್ಲದಿದ್ದರೆ ಇನ್ನೂ ಖುಷಿ ಅವನಿಗೆ, ಕಾಲುಚೀಲ ಕಳಚಿ, ಪ್ಯಾಂಟು ಮಡಚಿ, ಬರಿಗಾಲಿಗೇ ಬೂಟು ಹಾಕಿಕೊಂಡು ಇಳಿಯುತ್ತಾನೆ, ಸೇತುವೆ ಬರುವ ಮೊದಲು ಎಲ್ಲರೂ ಹಾಗೇ ದಾಟುತ್ತಿದ್ದರು, ಮದುವೆಯಾದ ವರ್ಷ ಇವಳನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ್ದ, ತೊಡೆಮಟ್ಟ ನೀರು, ನಡುಹೊಳೆಯಲ್ಲಿ ನಿಂತು, ಇಳಿಸಲಾ ಇಲ್ಲೇ, ಅಂತ ಕೇಳಿದ್ದ, ಇವಳು ಅವನ ಕಿವಿ ಹಿಂಡಿದ್ದಳು, ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಆ ಕಥೆ ಹೇಳದೆ ಬಿಡುವುದಿಲ್ಲ, ಹೇಳುವಾಗೆಲ್ಲ ನೀರು ಒಂದು ಗೇಣು ಏರುತ್ತದೆ, ಈಗ ಎದೆಮಟ್ಟಕ್ಕೆ ಬಂದಿದೆ. ಅಂಥವನು ತಿರುಗಿ ಹೋಗುತ್ತಾನೆಯೇ, ಅದೂ ಮನೆ ಇಷ್ಟು ಹತ್ತಿರ ಇರುವಾಗ, ಅದೂ ಎದುರಿಗೆ ಆ ಕೆಂಪು ಟಿ ಇರುವಾಗ, ಮಂಜಿನಲ್ಲಿ ಬಂದವನು ಅದನ್ನು ನಂಬುತ್ತಾನೆ, ಎಲ್ಲರೂ ನಂಬುತ್ತಾರೆ, ಟಿ ಇದ್ದ ಕಡೆ ದಾರಿ ಇದೆ ಎಂದು ಚಿಕ್ಕಂದಿನಿಂದ ಕಲಿತದ್ದು, ಮಕ್ಕಳಿಗೆ ಕಲಿಸಿದ್ದು, ಆ ಟಿ ಈಗ ನೇರ ನೀರಿಗೆ ಕರೆಯುತ್ತಿದೆ. ಹೋದ ವರ್ಷ ಇದೇ ಹೊಳೆಯಲ್ಲಿ ನಾಲ್ಕು ಕಾಲಿನ ಕುರಿಯೇ ತೇಲಿಹೋಯಿತು, ಕೆಳಗೆ ಗಿರಣಿಯ ಹತ್ತಿರ ಸಿಕ್ಕಿತು, ಬೇಡ, ಅದು ಬೇಡ, ಕುರಿ ಬೇಡ.

ಮರಗಳು ಮುಗಿದವು, ಜೌಗು ನೆಲ, ಹಾಸಿದ ಹಲಗೆಗಳ ಮೇಲೆ ನೀರು ಹರಿಯುತ್ತಿದೆ, ಜಾರಿ ಒಂದು ಮೊಣಕಾಲು ಊರಿದಳು, ಎದ್ದಳು, ನೋವಾಯಿತೋ ಇಲ್ಲವೋ ಆಮೇಲೆ ನೋಡಿದರಾಯಿತು, ನಾನು ಅವನನ್ನು ಕೊಂದೆ ಎಂದು ಒಂದು ದನಿ, ಇನ್ನೂ ಏನೂ ಆಗಿಲ್ಲ ಎಂದು ಇನ್ನೊಂದು, ಎರಡೂ ಅವಳದೇ, ಎರಡೂ ಏದುಸಿರು ಬಿಡುತ್ತಿವೆ — ದಿಬ್ಬ ಹತ್ತಿದರೆ ಹೊಳೆ ಕಾಣುತ್ತದೆ, ಹತ್ತುವುದು ಬೇಡ, ಹತ್ತಬೇಕು, ಹತ್ತಿದಳು. ಕಂದು ನೀರು, ನಿನ್ನೆ ಕಾಫಿ ಕುಡಿದ ಕಲ್ಲು ಇಲ್ಲ, ಮುಳುಗಿದೆ, ಆಚೆ ದಡದಲ್ಲಿ ಬಂಡೆ ಇದೆ, ಬಂಡೆಯ ಮೇಲೆ ಟಿ ಮಾತ್ರ ಅರ್ಧವೇ ಕಾಣುತ್ತಿದೆ, ಏಕೆಂದರೆ ಅದಕ್ಕೆ ಅಡ್ಡವಾಗಿ ಅವನು ಕೂತಿದ್ದಾನೆ, ಎಲ್ದಾರ್, ನೀಲಿ ಟೋಪಿ, ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದಾನೆ, ಮೊಣಕಾಲಿನವರೆಗೆ ಬರಿಗಾಲು, ಬೆಳ್ಳಗೆ.

ಬರಬೇಡ ಎಂದು ಕೂಗಿದಳು, ಹೊಳೆ ಆ ಮಾತನ್ನು ನುಂಗಿಹಾಕಿತು, ತನಗೇ ಕೇಳಲಿಲ್ಲ, ಎರಡೂ ಕೈ ಬೀಸಿದಳು, ಅವನು ತಲೆ ಎತ್ತಿ ನೋಡಿ ತಾನೂ ಕೈ ಬೀಸಿದ, ಖುಷಿಯಿಂದ ಬೀಸಿದ, ಹೆಂಡತಿ ಎದುರುಗೊಳ್ಳಲು ಬಂದಿದ್ದಾಳೆ ಅಂದುಕೊಂಡ, ಅಯ್ಯೋ ತಾನು ಬಂದದ್ದೇ ತಪ್ಪಾಯಿತು, ಇವಳು ನೋಡುತ್ತಿರುವಾಗ ಅವನು ತಿರುಗಿ ಹೋಗುವವನೇ ಅಲ್ಲ, ಎದ್ದ, ಕೋಲು ಮುಂದಕ್ಕೆ ಊರಿದ, ಒಂದು ಕಾಲು ನೀರಿಗಿಟ್ಟ, ಅವನು ಸರಿದ ಜಾಗದಲ್ಲಿ ಟಿ ಪೂರ್ತಿ ಕಂಡಿತು. ಚೀಲ, ಚೀಲದ ಬಕಲ್ಲು ಬಿಚ್ಚುತ್ತಿಲ್ಲ, ಬಿಚ್ಚಿತು, ಫಲಕ ಎಳೆದಳು, ತಲೆಯ ಮೇಲೆ ಎತ್ತಿ ಹಿಡಿದಳು, ಅಕ್ಷರ ಅವನಿಗೆ ಕಾಣುವುದಿಲ್ಲ, ಬಣ್ಣ ಕಾಣಲಿ, ತಾನೇ ಬಳಿದ ಹಳದಿ, ಎಲ್ದಾರ್, ನೋಡು, ನನ್ನ ತಪ್ಪು, ನೋಡು.

ಎರಡನೆಯ ಕಾಲೂ ನೀರಿಗೆ ಬಂತು, ನೀರು ಮೊಣಕಾಲಿಗೆ, ಕೋಲು ಅಲುಗಾಡುತ್ತಿದೆ, ಅವನು ನಿಂತ, ಹಣೆಗೆ ಕೈಯಿಟ್ಟು ನೋಡಿದ, ಬಹಳ ಹೊತ್ತು ನೋಡಿದ, ಅವಳ ತೋಳು ಸೋಲುತ್ತಿದೆ, ಇಳಿಸುವುದಿಲ್ಲ, ಆಮೇಲೆ ಅವನು ಒಂದು ಕಾಲು ಹಿಂದಿಟ್ಟ, ತಡವರಿಸಿದ, ಬಂಡೆಗೆ ಕೈ ಚಾಚಿ ಹಿಡಿದ, ದಡಕ್ಕೆ ಹತ್ತಿದ — ಹತ್ತಿದ, ಅವಳಿಗೆ ಅಳು ಬಂತು, ಅತ್ತಳು, ಫಲಕ ಹಿಡಿದುಕೊಂಡೇ. ಅವನು ಕೋಲೆತ್ತಿ ಮೇಲಿನ ಗುಡಿಸಲಿನ ಕಡೆ ತೋರಿಸಿದ, ವಾಪಸ್ ಹೋಗ್ತೀನಿ ಅಂತ, ಅವಳು ತಲೆಯಾಡಿಸಿದಳು, ಹೋಗು, ಹೋಗು, ಆದರೆ ಅವನು ಹೋಗಲಿಲ್ಲ, ಬಗ್ಗಿ ಎರಡೂ ಕೈಯಲ್ಲಿ ಕಪ್ಪು ಕೆಸರು ಬಾಚಿ ಬಂಡೆಗೆ ಮೆತ್ತಿದ, ಹಿಂದೆ ಬರುವವರು ನಂಬಬಾರದೆಂದು ಅವಳು ಬರೆದ ಟಿಯ ಮೇಲೆ ಮೆತ್ತಿದ, ಅದು ಮುಚ್ಚಿಹೋಯಿತು, ಮಳೆ ಜೋರಾಯಿತು, ಕೆಸರು ಕರಗಿ ಇಳಿಯಿತು, ಕೆಂಪು ಕಂಡಿತು, ಅವನು ಮತ್ತೆ ಬಾಚಿದ, ಮತ್ತೆ ಮೆತ್ತಿದ, ಮಳೆ ತೊಳೆಯಿತು, ಕೆಂಪು, ಅವನು ಬಗ್ಗಿದ, ಮೆತ್ತಿದ, ಕೆಂಪು —