ಗುರುಪಾದಪ್ಪ ಸರ್ ಬಾಯಿ ಮುಚ್ಚಿದ ಪಂದ್ಯ

ಖಾನಾಪುರದ ಹೈಸ್ಕೂಲಿನಲ್ಲಿ ಗುರುಪಾದಪ್ಪ ಸರ್ ವಾಲಿಬಾಲ್ ಕಲಿಸುತ್ತಿದ್ದದ್ದು ಕೈಯಿಂದಲ್ಲ, ಬಾಯಿಂದ. "ಮೊಣಕಾಲ ಬಗ್ಗಿಸು, ಮಾಯಾ. ಚೆಂಡ ನೋಡು. ಎತ್ತಾಗ ನೋಡಾಕತ್ತಿ?" ಹುಡುಗಿ ನೆಲ ಬಿಟ್ಟಾಗ ಶುರುವಾದ ಈ ಉಪದೇಶ ಆಕೆ ಇಳಿದ ಮೇಲೂ ಮುಗಿಯುತ್ತಿರಲಿಲ್ಲ. ಬೀಡಿ ಎಂಬ ಊರಿನಿಂದ ಬಸ್ಸಿನಲ್ಲಿ ಬರುವ ಮಾಯಾ ಐದು ವರ್ಷ ಇದನ್ನು ಕೇಳಿಕೊಂಡೇ ಹಾರಿದ್ದಳು. ಪಿಯುಸಿಗೆ ಹೋದ ಮೇಲೂ ಸಂಜೆಯಾದರೆ ಇದೇ ಮೈದಾನಕ್ಕೆ ಬರುತ್ತಿದ್ದಳು.

೨೦೦೧ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ರಾಜ್ಯ ತಂಡದ ಆಯ್ಕೆ ಪಂದ್ಯ ನಿಗದಿಯಾಯಿತು. ತಂಡ ಸೇರಿದರೆ ಕ್ರೀಡಾ ಕೋಟಾದಲ್ಲಿ ನೌಕರಿಯ ದಾರಿ. ಸೇರದಿದ್ದರೆ ಬೇಸಿಗೆಗೆ ಮದುವೆ ಎಂದು ಅವಳ ಅಪ್ಪ ಮೈಲಾರಲಿಂಗ ಮೊದಲೇ ಹೇಳಿಬಿಟ್ಟಿದ್ದ. ಗಂಡೂ ನೋಡಿಟ್ಟಿದ್ದ. ಪಾಪ, ಸರ್‌ಗೆ ಅಂದಿನಿಂದ ಊಟ ರುಚಿಸಲಿಲ್ಲ.

ಪಂದ್ಯಕ್ಕೆ ಹದಿನೈದು ದಿನ ಇರುವಾಗ ಬೆಳಗಾವಿ ಹಿಂದವಾಡಿಯ ಪ್ರಾಚಿ ಎಂಬ ಫಿಜಿಯೋಥೆರಪಿ ವಿದ್ಯಾರ್ಥಿನಿ, ತನ್ನ ಪ್ರಬಂಧಕ್ಕೆ ಮೊಣಕಾಲುಗಳನ್ನು ಹುಡುಕಿಕೊಂಡು ಕ್ಯಾಮೆರಾ ಸಮೇತ ಮೈದಾನಕ್ಕೆ ಬಂದಳು. ಮಾಯಾಳನ್ನು ಸ್ಟೂಲಿನ ಮೇಲಿಂದ ಹಾರಿಸಿದಳು. ಮಾಯಾ ನೆಟ್ಟಗೆ ಇಳಿದಳು. ಈಗ ನೂರರಿಂದ ಏಳೇಳು ಕಳೆಯುತ್ತ ಹಾರು ಎಂದಳು ಪ್ರಾಚಿ. ತೊಂಬತ್ತಮೂರು, ಎಂಬತ್ತಾರು ಎನ್ನುವಷ್ಟರಲ್ಲಿ ಹಾರಿದ ಮಾಯಾಳ ಬಲ ಮೊಣಕಾಲು ಇಳಿಯುವಾಗ ಒಳಕ್ಕೆ ವಾಲಿತು.

"ಹುಡುಗಿ ಲೆಕ್ಕದಾಗ ಮೊದಲಿಂದ್ಲೂ ಹಿಂದ ಐತ್ರಿ" ಎಂದರು ಸರ್.

"ಲೆಕ್ಕದ ಮಾತಲ್ರಿ ಸರ್. ತಲಿ ಬ್ಯಾರೆ ಕೆಲಸದಾಗಿದ್ರ ಕಾಲು ಸರಿ ಊರೂದಿಲ್ಲ. ಮೊಣಕಾಲಿನ ಒಳಗಿನ ನಾರು ಹರೀಲಿಕ್ಕೆ ಅಷ್ಟು ಸಾಕು."

"ಆಟದಾಗ ಲೆಕ್ಕಾ ಯಾರ ಕೇಳ್ತಾರ್ರಿ?"

ಪ್ರಾಚಿ ಕ್ಯಾಮೆರಾ ಒರೆಸುತ್ತ ಹೇಳಿದಳು: "ಲೆಕ್ಕಾ ಯಾರೂ ಕೇಳೂದಿಲ್ಲ, ಖರೇ. ಆದ್ರ ಆಕಿ ಹಾರಿದಾಗೆಲ್ಲಾ ನೀವು ನಾಕು ಮಾತು ಹೇಳ್ತೀರಲ್ರಿ."

ಸರ್‌ಗೆ ಕೆಂಡದಂಥ ಸಿಟ್ಟು ಬಂತು. ಎರಡು ದಿನ ಪ್ರಾಚಿಯನ್ನೂ ಅವಳ ವಿದ್ಯೆಯನ್ನೂ ಬೈದರು. ಮೂರನೆಯ ದಿನ ಹೆದರಿದರು. ಮಾಯಾಳ ಕಾಲಿಗೆ ತಮ್ಮ ನಾಲಿಗೆಯೇ ಮುಳುವಾದರೆ? ಅಭ್ಯಾಸದಲ್ಲಿ ಸುಮ್ಮನಿರಲು ಎರಡು ಸಲ ನೋಡಿದರು, ಎರಡು ಸಲವೂ ಸೋತರು. ಕೊನೆಗೆ ಇಡೀ ಮೌನವನ್ನು ಪಂದ್ಯದ ದಿನಕ್ಕೇ ಮೀಸಲಿಟ್ಟರು. ಮಾಯಾಗೆ ಇದನ್ನು ತಿಳಿಸಲಿಲ್ಲ. ತಿಳಿಸಿದರೆ ಅದೂ ಒಂದು ಯೋಚನೆಯಾಗಿ ಆಕೆಯ ತಲೆ ಹೊಕ್ಕೀತು ಎಂಬಷ್ಟು ಜಾಣತನ ಅವರಲ್ಲಿತ್ತು.

ಪಂದ್ಯ ಶುರುವಾಯಿತು. ಸರ್ ಬೆಂಚಿನ ಮೇಲೆ ಕರವಸ್ತ್ರ ಬಾಯಿಗೊತ್ತಿಕೊಂಡು ಕುಳಿತರು. ಮೊದಲ ಸೆಟ್ಟಿನಲ್ಲಿ ಮಾಯಾ ಒಂದೊಂದು ಸಲ ಹಾರಿ ಇಳಿದಾಗಲೂ ಇತ್ತ ನೋಡಿದಳು. ಕಣ್ಣೂ ಮಾತಾಡಿಬಿಟ್ಟರೆ ಎಂದು ಸರ್ ಮುಖ ತಿರುಗಿಸಿದರು. ಎರಡನೆಯ ಸೆಟ್ಟಿನಲ್ಲಿ ಆಕೆ ಇನ್ನೂ ಹೆಚ್ಚು ನೋಡತೊಡಗಿದಳು. ಸರ್ ನೆಲ ನೋಡುತ್ತ ಕುಳಿತರು, ತಮ್ಮ ಸಂಯಮಕ್ಕೆ ತಾವೇ ಒಳಗೊಳಗೆ ಹಿಗ್ಗಿದರು ಕೂಡ.

ಆಗ ಮಾಯಾ ಹಾರಿ ಹೊಡೆದ ಚೆಂಡು ಗೆರೆಯ ಒಳಗೇ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಆಕೆ ಇಳಿದದ್ದು ಮಾತ್ರ ಬೆಂಚಿನ ಕಡೆ ಕತ್ತು ಹೊರಳಿಸಿಕೊಂಡು. ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದು ಸರ್ ಕೂತಲ್ಲಿಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ನಾರು ಪೂರ್ತಿ ಹರಿದಿದೆ, ಇನ್ನು ಹಾರುವ ಮಾತು ಬೇಡ ಎಂದರು. ಸುದ್ದಿ ತಿಳಿದು ಬಂದ ಪ್ರಾಚಿ ಮಂಚದ ಪಕ್ಕ ಕುಳಿತು ಮೆಲ್ಲಗೆ ಕೇಳಿದಳು: "ಇಳಿಯೂ ಮುಂದ ಏನು ವಿಚಾರ ಮಾಡ್ಲಿಕ್ಹತ್ತಿದ್ದಿ, ಮಾಯಾ?"

"ಸರ್ ಒಂದ ಮಾತೂ ಆಡ್ಲಿಲ್ರಿ. ಮಾರಿ ಆಕಡೆ ಮಾಡಿ ಕುಂತಿದ್ರು. ನಾ ಏನ್ ತಪ್ಪ ಮಾಡೀನಿ ಅಂತ ಅದ ತಲ್ಯಾಗ ಇತ್ರಿ."

ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪ ಸರ್ ಮಂಚದ ಹತ್ತಿರ ಬಂದರು. "ನಿನ್ನ ಮ್ಯಾಲ ಸಿಟ್ಟಿದ್ದಿಲ್ಲವ್ವಾ" ಎಂದರು.

"ಹಂಗಾದ್ರ ಒಂದ ಸಲ ಬೈಬೇಕಿತ್ತಲ್ರಿ" ಎಂದು ಮಾಯಾ ಗೋಡೆಯ ಕಡೆ ಹೊರಳಿ ಅತ್ತಳು.

ಅಷ್ಟರಲ್ಲಿ ಮೈಲಾರಲಿಂಗ ಒಳಗೆ ಬಂದ. ಮಗಳ ಕಾಲು ನೋಡಿದ. ಇಷ್ಟು ವರ್ಷ ಕಾಳಜಿ ಮಾಡಿದ್ದಕ್ಕೆ ಉಪಕಾರವಾಯಿತು ಎಂದು ಸರ್‌ಗೆ ಮನಸಾರೆ ಕೈಮುಗಿದ. ಆಮೇಲೆ ಪ್ರಾಚಿಯ ಕಡೆ ತಿರುಗಿದ.

"ಡಾಕ್ಟರ್ ಬಾಯಾರ, ಬ್ಯಾಸಗಿ ಅನ್ನೂದ್ರಾಗ ಕುಂಟೂದು ಕಡಿಮಿ ಆಗ್ತೈತೇನ್ರಿ?"